ಕಸ್ತೂರಿಯ ಪಟ್ಟಿಯಲ್ಲಿದ್ದ ಮೂರು ಸೊನ್ನೆಗಳು

ಬ್ಯಾಡಗಿಯ ಒಂದು ಪ್ರೌಢಶಾಲೆಯಲ್ಲಿ ಕಸ್ತೂರಿ ಎಂಬ ಹುಡುಗಿ ಹತ್ತನೇ ತರಗತಿ ಓದುತ್ತಿದ್ದಳು. ಲೆಕ್ಕದಲ್ಲಿ ಜಾಣೆ, ಮಾತಿನಲ್ಲಿ ಚುರುಕು. ಆ ಶಾಲೆಯಲ್ಲಿ ಏಳು ಮಕ್ಕಳ ಒಂದು ರೋಬೋ ತಂಡವಿತ್ತು. ಆರು ಮಂದಿ ರೋಬೋ ಕಟ್ಟುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ಕಸ್ತೂರಿ ಮಾತ್ರ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಅವಳ ಕೆಲಸ ಕಂಪ್ಯೂಟರಿನ ಮುಂದೆ.

ಆ ಕೆಲಸ ಏನೆಂದು ಹೇಳುತ್ತೇನೆ ಕೇಳಿ, ಮಕ್ಕಳೇ.

ರೋಬೋ ಸ್ಪರ್ಧೆಯಲ್ಲಿ ಒಂದು ಪಂದ್ಯಕ್ಕೆ ನಾಲ್ಕು ರೋಬೋಗಳು. ಎರಡು ಈ ಕಡೆ, ಎರಡು ಆ ಕಡೆ. ನೆಲದ ಮೇಲೆ ಹರಡಿದ ಡಬ್ಬಗಳನ್ನು ಎತ್ತಿ ತಮ್ಮ ಕಡೆಯ ಗೂಡಿನಲ್ಲಿ ಇಡಬೇಕು. ಎರಡು ನಿಮಿಷ ಸಮಯ. ಯಾವ ಕಡೆಯವರು ಹೆಚ್ಚು ಡಬ್ಬ ಇಟ್ಟರೋ ಅವರು ಗೆದ್ದಂತೆ. ಆದರೆ ಮೊದಲ ದಿನದ ಪಂದ್ಯಗಳಲ್ಲಿ ಜೊತೆಗಾರ ಯಾರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಒಳ್ಳೆಯ ರೋಬೋಗೆ ಕೆಟ್ಟ ಜೊತೆ ಸಿಕ್ಕರೆ ಅದು ಸೋಲುತ್ತದೆ. ಕೆಟ್ಟ ರೋಬೋಗೆ ಒಳ್ಳೆಯ ಜೊತೆ ಸಿಕ್ಕರೆ ಅದೂ ಗೆದ್ದು ಬೀಗುತ್ತದೆ. ಹೀಗಾಗಿ ಗೆಲುವು ಸೋಲು ನೋಡಿ ಯಾರು ಗಟ್ಟಿ, ಯಾರು ಪೊಳ್ಳು ಎಂದು ಹೇಳಲು ಬರುವುದಿಲ್ಲ.

ಎರಡನೇ ದಿನ ಹಾಗಲ್ಲ. ಮೊದಲ ಎಂಟು ಸ್ಥಾನ ಪಡೆದ ತಂಡಗಳ ನಾಯಕರು ವೇದಿಕೆಗೆ ಬಂದು ತಮಗೆ ಬೇಕಾದ ಜೊತೆಗಾರರನ್ನು ತಾವೇ ಆರಿಸಿಕೊಳ್ಳುತ್ತಾರೆ. ಮೊದಲ ಸುತ್ತಿನಲ್ಲಿ ಒಬ್ಬರು, ಎರಡನೇ ಸುತ್ತಿನಲ್ಲಿ ಇನ್ನೊಬ್ಬರು. ಮೂವರ ಒಂದು ಕೂಟ; ಪ್ರತಿ ಪಂದ್ಯಕ್ಕೆ ಆ ಮೂರರಲ್ಲಿ ಎರಡು ರೋಬೋ ಇಳಿಯುತ್ತವೆ. ಮೂವತ್ತೆರಡು ತಂಡ ಬಂದಿದ್ದರೆ ಇಪ್ಪತ್ತನಾಲ್ಕಕ್ಕೆ ಜಾಗ. ಉಳಿದ ಎಂಟು ತಂಡಗಳು ಗಂಟುಮೂಟೆ ಕಟ್ಟಿ ಊರಿಗೆ ಹೊರಡಬೇಕು. ಗೆದ್ದ ಕೂಟದ ಮೂರೂ ತಂಡಗಳು ರಾಷ್ಟ್ರಮಟ್ಟದ ಸ್ಪರ್ಧೆಗೆ ಹೋಗುತ್ತವೆ.

ಆದ್ದರಿಂದ ಯಾರನ್ನು ಆರಿಸಬೇಕು ಎಂದು ತಿಳಿಯುವುದೇ ದೊಡ್ಡ ವಿದ್ಯೆ. ಆ ವಿದ್ಯೆ ಕಸ್ತೂರಿಯದು.

ಸ್ಪರ್ಧೆ ನಡೆಸುವವರು ಪ್ರತಿ ಪಂದ್ಯದ ಅಂಕಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಿದ್ದರು. ಯಾವ ರೋಬೋ ತಾನೇ ಎಷ್ಟು ಡಬ್ಬ ಇಟ್ಟಿತು ಎಂಬ ಲೆಕ್ಕವೂ ಅದರೊಳಗೆ ಇರುತ್ತಿತ್ತು. ಆದರೆ ನೂರಾರು ಸಾಲು. ಕಣ್ಣಲ್ಲಿ ಓದುತ್ತ ಕುಳಿತರೆ ಸ್ಪರ್ಧೆಯೇ ಮುಗಿದುಹೋಗುತ್ತದೆ. ಯಾರೋ ಪುಣ್ಯಾತ್ಮರು ಅದಕ್ಕಾಗಿ ಜಾವಾಸ್ಕ್ರಿಪ್ಟಿನಲ್ಲಿ ಒಂದು ಲೈಬ್ರರಿ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದರು. ಇಲ್ಲಿ ಲೈಬ್ರರಿ ಅಂದರೆ ಪುಸ್ತಕದ ಕೋಣೆಯಲ್ಲ. ಬೇರೆಯವರು ಮೊದಲೇ ಬರೆದು, ಪರೀಕ್ಷಿಸಿ, ಕಟ್ಟಿಟ್ಟ ಪ್ರೋಗ್ರಾಮಿನ ಗಂಟು. ‘ಈ ಸ್ಪರ್ಧೆಯ ಪಂದ್ಯಗಳನ್ನು ಕೊಡು’ ಎಂದು ಒಂದು ಸಾಲು ಬರೆದರೆ ಸಾಕು, ಅದು ಹೋಗಿ ತಂದುಕೊಡುತ್ತದೆ.

ಕಸ್ತೂರಿ ಆ ಲೈಬ್ರರಿಯನ್ನು ಬಳಸಲು ಕಲಿತಳು. ಅದು ತಂದ ಅಂಕಗಳನ್ನು ಕೂಡಿಸಿ, ಪಂದ್ಯಗಳಿಂದ ಭಾಗಿಸಿ, ಮೇಲಿಂದ ಕೆಳಗೆ ಪಟ್ಟಿ ಮಾಡುವ ಪ್ರೋಗ್ರಾಮನ್ನು ತಾನೇ ಬರೆದಳು. ಹಿಂದಿನ ವರ್ಷದ ಅಂಕಗಳ ಮೇಲೆ ಓಡಿಸಿ ನೋಡಿದಾಗ ಒಂದು ತೊಂದರೆ ಬಂತು. ನಾಲ್ಕಾರು ತಂಡಗಳ ಸರಾಸರಿಯ ಜಾಗದಲ್ಲಿ ‘ಇದು ಸಂಖ್ಯೆಯಲ್ಲ’ ಎಂದು ಬರುತ್ತಿತ್ತು. ಅಂಕಗಳ ಕೋಷ್ಟಕದಲ್ಲಿ ಎಲ್ಲೋ ಒಂದು ಮನೆ ಖಾಲಿ ಇತ್ತು. ಖಾಲಿಯನ್ನು ಕೂಡಿಸಲು ಹೋಗಿ ಕಂಪ್ಯೂಟರು ತಲೆ ಕೆಡಿಸಿಕೊಂಡಿತ್ತು.

ಎರಡು ದಿನ ಅವಳು ಅದರ ಹಿಂದೆ ಬಿದ್ದಳು. ಮೂರನೇ ದಿನ ಬೇಸರ ಬಂತು. ಅಂಕ ಓದುವ ಸಾಲಿನ ಕೊನೆಯಲ್ಲಿ ಎರಡು ನಿಂತ ಗೆರೆ ಎಳೆದು ಒಂದು ಸೊನ್ನೆ ಹಾಕಿದಳು. ಜಾವಾಸ್ಕ್ರಿಪ್ಟಿನಲ್ಲಿ ಅದರ ಅರ್ಥ, ‘ಇದ್ದರೆ ಅದನ್ನು ತೊಗೋ, ಇಲ್ಲದಿದ್ದರೆ ಸೊನ್ನೆ ಅಂತ ತೊಗೋ.’ ಪ್ರೋಗ್ರಾಮು ಒಂದು ತಕರಾರೂ ಇಲ್ಲದೆ ಓಡಿತು. ಪಟ್ಟಿ ಅಂದವಾಗಿ ಬಂತು. ಕಸ್ತೂರಿ ಕಂಪ್ಯೂಟರ್ ಮುಚ್ಚಿ ಮನೆಗೆ ಹೋದಳು.

ಮುಂದಿನ ತಿಂಗಳು ದಾವಣಗೆರೆಯಲ್ಲಿ ಸ್ಪರ್ಧೆ. ದೊಡ್ಡ ಸಭಾಂಗಣದಲ್ಲಿ ಎರಡು ಅಂಕಣ ಹಾಕಿದ್ದರು. ಬೀದರಿನಿಂದ, ಕೋಲಾರದಿಂದ, ಕಾರವಾರದಿಂದ ಮೂವತ್ತೆರಡು ತಂಡಗಳು ಬಂದಿದ್ದವು. ಮೊದಲ ದಿನ ಪ್ರತಿ ತಂಡವೂ ಐದೈದು ಪಂದ್ಯ ಆಡಿತು. ಬ್ಯಾಡಗಿಯವರು ನಾಲ್ಕು ಗೆದ್ದು ಒಂದು ಸೋತರು. ನಾಲ್ಕನೇ ಸ್ಥಾನ ಬಂತು. ಅಂದರೆ ಆರಿಸುವ ಎಂಟು ತಂಡಗಳಲ್ಲಿ ಅವರೂ ಒಬ್ಬರು. ತಂಡದ ನಾಯಕ ಚನ್ನವೀರ ಕುಣಿದಾಡಿಬಿಟ್ಟ.

ಸಂಜೆ ಐದಕ್ಕೆ ಕಸ್ತೂರಿ ಆ ದಿನದ ಅಂಕಗಳ ಮೇಲೆ ಪ್ರೋಗ್ರಾಮು ಓಡಿಸಿ ತನ್ನ ಪಟ್ಟಿ ತೆಗೆದಳು. ಪಕ್ಕದಲ್ಲಿ ಕೂತಿದ್ದ ಕೋಲಾರದ ನಾಯಕ ಇಣುಕಿ ನೋಡಿ, “ಇದು ಬಲು ಚೆನ್ನಾಗಿದೆಯಲ್ಲ! ನಮಗೂ ಕಳಿಸ್ತೀಯಾ?” ಎಂದ. ಅವನಿಗೆ ಕಳಿಸಿದ್ದನ್ನು ನೋಡಿ ಇನ್ನೊಂದು ತಂಡದವಳೂ ಕೇಳಿದಳು. ಕೊನೆಗೆ ಕಸ್ತೂರಿ ತಂಡದ ಮಾರ್ಗದರ್ಶಿಯಾಗಿ ಬಂದಿದ್ದ ಗಣಿತದ ಜುಬೇದಾ ಟೀಚರನ್ನು ಕೇಳಿದಳು.

“ಎಲ್ಲಾರಿಗೂ ಕೊಡಬಹುದಾ ಟೀಚರ್?”

“ಯಾಕ್ ಕೊಡಬಾರದು? ಆ ಲೈಬ್ರರಿ ಬರೆದೋರು ನಿನಗ ಕೊಟ್ಟಿಲ್ಲೇನು?” ಎಂದರು ಟೀಚರ್.

ಕಸ್ತೂರಿ ಎಲ್ಲ ತಂಡಗಳ ವಾಟ್ಸಾಪ್ ಗುಂಪಿಗೆ ಪಟ್ಟಿಯನ್ನು ಹಾಕಿದಳು. ಊಟದ ಸಾಲಿನಲ್ಲಿ ನಿಂತವರೆಲ್ಲ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದರು. “ಕಸ್ತೂರಿ ಪಟ್ಟಿ”, “ಕಸ್ತೂರಿ ಪಟ್ಟಿ” ಎಂಬ ಮಾತು ಅವಳ ಕಿವಿಗೂ ಬಿತ್ತು. ಅನ್ನದ ಮೇಲೆ ಎರಡು ಸಲ ಸಾರು ಹಾಕಿಸಿಕೊಂಡದ್ದೂ ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತು ಗಂಟೆ. ಆಯ್ಕೆ ಶುರುವಾಗುವುದು ಹತ್ತೂವರೆಗೆ. ಬ್ಯಾಡಗಿಯವರ ಮೇಜಿನ ಮುಂದೆ ಒಬ್ಬ ಹುಡುಗಿ ಬಂದು ನಿಂತಳು. ಗಟ್ಟಿಯಾಗಿ ಎರಡು ಜಡೆ ಹೆಣೆದಿದ್ದಳು. ಬೆರಳಿಗೆ ಗ್ರೀಸು ಮೆತ್ತಿತ್ತು.

“ಅಕ್ಕಾ, ನಾನು ಹುಲಿಗೆಮ್ಮ. ದೇವದುರ್ಗದ ತಂಡ. ಈ ಪಟ್ಟಿ ನೀವು ಮಾಡಿದ್ದಾ?”

“ಹೌದು.”

“ಇದರಾಗ ನಮ್ಮದು ಇಪ್ಪತ್ತೇಳನೇದು ಅಂತ ಐತಿ. ಮೂರು ಪಂದ್ಯಕ್ಕ ಸೊನ್ನಿ ಹಾಕೀರಿ. ನಾವು ಒಂದರಾಗೂ ಸೊನ್ನಿ ತೊಗೊಂಡಿಲ್ಲ.”

ಕಸ್ತೂರಿಗೆ ಸ್ವಲ್ಪ ಕಿರಿಕಿರಿಯಾಯಿತು. ಬೆಳಿಗ್ಗೆಯಿಂದ ಇಬ್ಬರು ಹೀಗೆಯೇ ಬಂದು, ನಮ್ಮದು ಇಷ್ಟು ಕೆಳಗೆ ಯಾಕಿದೆ ಎಂದು ಗೊಣಗಿ ಹೋಗಿದ್ದರು.

“ನಾ ಹಾಕಿಲ್ಲ. ಸ್ಪರ್ಧೆ ನಡೆಸೋರು ಕೊಟ್ಟ ಅಂಕದಾಗ ಹಂಗ ಐತಿ. ಕಂಪ್ಯೂಟರ್ ತಂದಿದ್ದು ಅದು. ನಾ ಏನ್ ಮಾಡ್ಲಿ?”

“ಒಂದರಾಗ ಹನ್ನೆರಡು ಇಟ್ಟೀವ್ರಿ. ನಾನಽ ಎಣಿಸೀನಿ.”

“ಎಲ್ಲಾರೂ ತಂತಮ್ಮದು ಹಂಗ ಎಣಿಸ್ತಾರ” ಎಂದಳು ಕಸ್ತೂರಿ.

ಹುಲಿಗೆಮ್ಮ ಮೊಬೈಲನ್ನು ಲಂಗದ ಜೇಬಿಗೆ ಹಾಕಿಕೊಂಡು ತನ್ನ ಮೇಜಿನ ಕಡೆಗೆ ಹೊರಟುಹೋದಳು. ಅವಳು ಜಗಳವಾಡಿದ್ದರೆ ಕಸ್ತೂರಿ ಮರೆತುಬಿಡುತ್ತಿದ್ದಳು. ಅವಳು ಸುಮ್ಮನೆ ಹೋದದ್ದು ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಜುಬೇದಾ ಟೀಚರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು.

“ಕಸ್ತೂರಿ, ಸೊನ್ನಿ ಅಂತ ಅಂಕ ಹೇಳಿತೋ, ನೀ ಹೇಳಿದ್ಯೋ?”

“ಅಂಕಽ ಹೇಳಿತ್ರಿ ಟೀಚರ್.”

“ನೋಡೀಯೇನು?”

ಕಸ್ತೂರಿ ನೋಡಿರಲಿಲ್ಲ. ತನ್ನ ಪಟ್ಟಿಯನ್ನು ನೋಡಿದ್ದಳು. ಲೈಬ್ರರಿ ತಂದುಕೊಟ್ಟ ಮೂಲ ಸಾಲುಗಳನ್ನು ನೋಡಿರಲಿಲ್ಲ. ಲ್ಯಾಪ್‌ಟಾಪ್ ಎಳೆದುಕೊಂಡು ದೇವದುರ್ಗದ ಐದು ಪಂದ್ಯಗಳನ್ನು ತೆರೆದಳು. ಮೊದಲನೆಯದರಲ್ಲಿ ಒಂಬತ್ತು ಡಬ್ಬ. ಎರಡನೆಯದರಲ್ಲಿ, ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ ಎರಡು ಕಡೆಯ ಒಟ್ಟು ಅಂಕವಿತ್ತು. ಯಾವ ರೋಬೋ ಎಷ್ಟು ಇಟ್ಟಿತು ಎಂಬ ಜಾಗದಲ್ಲಿ ಏನೂ ಇರಲಿಲ್ಲ. ಸೊನ್ನೆಯೂ ಇರಲಿಲ್ಲ. ಐದನೆಯದರಲ್ಲಿ ಹನ್ನೊಂದು ಡಬ್ಬ.

ಕಸ್ತೂರಿ ತನ್ನ ಪ್ರೋಗ್ರಾಮನ್ನು ತೆರೆದಳು. ಅಂಕ ಓದುವ ಸಾಲಿನ ತುದಿಯಲ್ಲಿ ಎರಡು ನಿಂತ ಗೆರೆ, ಒಂದು ಸೊನ್ನೆ. ಅವಳೇ ಬರೆದದ್ದು.

ಓಡಿಹೋಗಿ ಎಣಿಕೆಯ ಮೇಜಿನಲ್ಲಿದ್ದ ಮಾಲಿನಿ ಮೇಡಂ ಅವರನ್ನು ಕೇಳಿದಳು. ಅವರು ಕನ್ನಡಕ ಸರಿಮಾಡಿಕೊಂಡು ನಿನ್ನೆಯ ಹಾಳೆಗಳನ್ನು ತಿರುವಿದರು.

“ಓ, ಅದಾ? ನಿನ್ನೆ ಹನ್ನೊಂದು ಗಂಟೆಯಿಂದ ಒಂದು ತಾಸು ಎರಡನೇ ಅಂಕಣದಲ್ಲಿ ಅಂಕ ತುಂಬೋ ಟ್ಯಾಬ್ ಕೆಟ್ಟಿತ್ತಮ್ಮ. ಯಾರು ಗೆದ್ರು ಅನ್ನೋಕೆ ಒಟ್ಟು ಅಂಕ ಬೇಕಲ್ಲ, ಅದನ್ನ ಕಾಗದದಲ್ಲಿ ಬರೆದ್ವಿ. ಯಾವ ರೋಬೋ ಎಷ್ಟು ಅನ್ನೋದನ್ನ ಎಣಿಸೋಕಾಗ್ಲಿಲ್ಲ. ಅದಕ್ಕೆ ಖಾಲಿ ಬಿಟ್ಟೆ.”

“ದೇವದುರ್ಗದವರದು ಮೂರು ಪಂದ್ಯ ಹಂಗ ಆಗ್ಯಾವ್ರಿ.”

“ಅವರ ಬಸ್ಸು ತಡ ಆಯ್ತಲ್ಲ. ಅದಕ್ಕೆ ಅವರ ಮೂರು ಪಂದ್ಯ ಆ ತಾಸಿನಲ್ಲೇ ಒಂದರ ಹಿಂದೆ ಒಂದು ಇಟ್ಟಿದ್ವಿ. ಬೇರೆ ಕೆಲವರಿಗೂ ಒಂದೊಂದು ಖಾಲಿ ಇರಬೇಕು ನೋಡು.”

“ಮೇಡಂ, ಖಾಲಿ ಬಿಡೋ ಬದಲಿಗೆ ಏನಾದರೂ ಹಾಕಬಹುದಿತ್ತಲ್ರಿ?”

ಮಾಲಿನಿ ಮೇಡಂ ಅವಳನ್ನು ವಿಚಿತ್ರವಾಗಿ ನೋಡಿದರು. “ಗೊತ್ತಿಲ್ಲದ್ದನ್ನ ಹೆಂಗಮ್ಮ ಹಾಕೋದು? ಖಾಲಿ ಬಿಡೋದೇ ನಿಜ ಹೇಳಿದಂಗೆ.”

ಕಸ್ತೂರಿ ಮರಳಿ ಬಂದಳು. ಸಾಲಿನ ತುದಿಯ ಗೆರೆಗಳನ್ನೂ ಸೊನ್ನೆಯನ್ನೂ ಅಳಿಸಿದಳು. ಅಂಕ ಗೊತ್ತಿರುವ ಪಂದ್ಯಗಳನ್ನು ಮಾತ್ರ ಕೂಡಿಸಿ, ಅಷ್ಟರಿಂದಲೇ ಭಾಗಿಸುವಂತೆ ಬರೆದಳು. ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಎಂದೇ ತೋರಿಸುವಂತೆ ಮಾಡಿದಳು. ಪ್ರೋಗ್ರಾಮು ಓಡಿತು. ಇಪ್ಪತ್ತೇಳನೇ ಸ್ಥಾನದಲ್ಲಿದ್ದ ದೇವದುರ್ಗ ಮೂರನೇ ಸ್ಥಾನಕ್ಕೆ ಬಂದು ನಿಂತಿತು. ಇನ್ನೂ ಆರೇಳು ತಂಡಗಳು ಒಂದೆರಡು ಮೆಟ್ಟಿಲು ಮೇಲೆ ಕೆಳಗೆ ಆದವು.

ಗಡಿಯಾರ ನೋಡಿದಳು. ಹತ್ತಕ್ಕೆ ಐದು ನಿಮಿಷ.

ಚನ್ನವೀರ ಅವಳ ಹೆಗಲ ಮೇಲಿಂದ ಪರದೆಯನ್ನು ನೋಡುತ್ತಿದ್ದ. ಅವನ ಕಣ್ಣು ಅರಳಿತು. ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಕೂತು ಮೆಲ್ಲಗೆ ಹೇಳಿದ:

“ಕಸ್ತೂರಿ, ಲ್ಯಾಪ್‌ಟಾಪ್ ಮುಚ್ಚು.”

“ಯಾಕ?”

“ನೋಡು, ಎಲ್ಲಾರ ಕೈಯಾಗೂ ನಿನ್ನೆ ಪಟ್ಟಿ ಐತಿ. ದೇವದುರ್ಗದವರನ್ನ ಯಾರೂ ಆರಿಸಂಗಿಲ್ಲ. ನಾವು ಮೊದಲ ಸುತ್ತಿನ್ಯಾಗ ಬೀದರದವರನ್ನ ತೊಗೊಳ್ಳೋಣು. ಎರಡನೇ ಸುತ್ತಿನ್ಯಾಗ ದೇವದುರ್ಗದವರನ್ನ. ನಮ್ಮ ಕೂಟ ಎಲ್ಲಾರಕಿಂತ ಗಟ್ಟಿ ಆಗ್ತದ. ನಾವು ಗೆಲ್ತೀವಿ.”

“ಆದ್ರ ಪಟ್ಟಿ ತಪ್ಪೈತಲ್ಲ?”

“ಇರ್ಲಿ ಬಿಡು. ಅವರನ್ನ ನಾವು ಬಿಟ್ಟು ಬಿಡಾಕತ್ತಿಲ್ಲ, ಆರಿಸಾಕತ್ತೀವಿ. ಅವರೂ ಗೆಲ್ತಾರ, ನಾವೂ ಗೆಲ್ತೀವಿ. ಯಾರಿಗೇನು ಕೆಟ್ಟದ್ದಾತು? ನಾವೇನು ಬೇಕಂತ ತಪ್ಪು ಮಾಡೀವೇನು?”

ಮಕ್ಕಳೇ, ಚನ್ನವೀರ ಕೆಟ್ಟ ಹುಡುಗನಲ್ಲ. ಎಂಟು ತಿಂಗಳು ಶಾಲೆ ಬಿಟ್ಟ ಮೇಲೂ ಕೂತು ಆ ರೋಬೋ ಕಟ್ಟಿದವನು. ಎರಡು ಸಲ ಕೈ ಸುಟ್ಟುಕೊಂಡವನು. ಅವನು ಹೇಳಿದ್ದರಲ್ಲಿ ಲೆಕ್ಕವೂ ಸರಿಯಾಗಿತ್ತು. ಅದಕ್ಕೇ ಕಸ್ತೂರಿಗೆ ಕಷ್ಟವಾಯಿತು. ಸುಳ್ಳೆಂದು ಕಾಣುವ ಸುಳ್ಳನ್ನು ಬಿಡುವುದು ಸುಲಭ. ಲಾಭದಂತೆ ಕಾಣುವ ಮೌನವನ್ನು ಬಿಡುವುದು ಸುಲಭವಲ್ಲ.

ಕಸ್ತೂರಿ ಜುಬೇದಾ ಟೀಚರ ಮುಖ ನೋಡಿದಳು. “ಟೀಚರ್, ನಾ ಏನ್ ಮಾಡ್ಲಿ?”

ಟೀಚರ್ ಲೋಟವನ್ನು ಮೇಜಿನ ಮೇಲಿಟ್ಟರು. “ನಾ ಹೇಳಿದ್ರ ಅದು ನನ್ನ ಕೆಲಸ ಆಗ್ತದ. ಆದ್ರ ಒಂದು ಮಾತು ತಿಳ್ಕೋ. ಗೊತ್ತಾಗೋ ತನಕ ಅದು ತಪ್ಪು. ಗೊತ್ತಾದ ಮ್ಯಾಲೆ ಸುಮ್ಮನ ಕೂತ್ರ, ಅದಕ್ಕ ಬ್ಯಾರೆ ಹೆಸರೈತಿ.”

ಕಸ್ತೂರಿ ಸಭಾಂಗಣದ ಆ ತುದಿಯ ಕಡೆ ನೋಡಿದಳು. ದೇವದುರ್ಗದ ಮಕ್ಕಳು ಆಗಲೇ ಸಾಮಾನು ಕಟ್ಟಲು ಶುರುಮಾಡಿದ್ದರು. ಒಬ್ಬ ವೈರು ಸುತ್ತುತ್ತಿದ್ದ. ಹುಲಿಗೆಮ್ಮ ರೋಬೋದ ಕೈಯನ್ನು ಬಿಚ್ಚಿ ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದಳು. ಆಯ್ಕೆಗೆ ಇನ್ನೂ ಅರ್ಧ ಗಂಟೆ ಇತ್ತು. ಯಾರೂ ಅವರನ್ನು ಹೋಗಿ ಎಂದಿರಲಿಲ್ಲ. ಒಂದು ಪಟ್ಟಿ ಹೇಳಿತ್ತು, ಅಷ್ಟೇ. ತಾವು ಎಣಿಸಿದ ಹನ್ನೆರಡು ಡಬ್ಬಗಳಿಗಿಂತ ಆ ಪಟ್ಟಿಯೇ ನಿಜವಿರಬೇಕು ಎಂದು ಅವರೂ ನಂಬಿಬಿಟ್ಟಿದ್ದರು.

ಕಸ್ತೂರಿ ಎದ್ದಳು.

“ಎಲ್ಲಿ ಹೊಂಟಿ?” ಚನ್ನವೀರ ಅವಳ ತೋಳು ಹಿಡಿದ.

“ಮೈಕಿನ ಹತ್ರ.”

“ಗುಂಪಿನ್ಯಾಗ ಹೊಸಾ ಪಟ್ಟಿ ಹಾಕು ಬೇಕಾದ್ರ. ನೋಡಿದೋರು ನೋಡ್ತಾರ.”

“ಈಗ ಯಾರು ಮೊಬೈಲ್ ನೋಡ್ತಾರ? ಬಿಡು.”

ಅವಳು ವೇದಿಕೆ ಹತ್ತಿ ನಿರೂಪಕರನ್ನು ಕೇಳಿಕೊಂಡಳು. ಅವರು ಮೈಕು ಕೊಟ್ಟರು. ಐನೂರು ಜನ ಅವಳ ಕಡೆ ತಿರುಗಿದರು. ಶಾಲೆಯ ಪ್ರಾರ್ಥನೆಯಲ್ಲಿ ಸುದ್ದಿ ಓದುವಾಗಲೂ ನಡುಗದ ದನಿ ಈಗ ನಡುಗಿತು.

“ನಾನು ಬ್ಯಾಡಗಿ ತಂಡದ ಕಸ್ತೂರಿ. ನಿನ್ನೆ ನಾನು ಎಲ್ಲಾರಿಗೂ ಒಂದು ಪಟ್ಟಿ ಕಳಿಸಿದ್ದೆ. ಅದು ತಪ್ಪು. ಅಂಕ ಕೊಟ್ಟೋರದು ತಪ್ಪಲ್ಲ, ಅದನ್ನ ತಂದ ಲೈಬ್ರರಿದೂ ತಪ್ಪಲ್ಲ. ತಪ್ಪು ನಂದು. ಎರಡನೇ ಅಂಕಣದಾಗ ಒಂದು ತಾಸು ಯಾವ ರೋಬೋ ಎಷ್ಟು ಡಬ್ಬ ಇಟ್ಟಿತು ಅಂತ ಬರಕೊಂಡಿಲ್ಲ. ಆ ಮನಿ ಖಾಲಿ ಇದ್ವು. ನಾನು ಅಲ್ಲಿ ಸೊನ್ನಿ ತುಂಬಿದ್ದೆ.”

ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ, “ಅಯ್ಯೋ, ನಾವು ರಾತ್ರಿಯೆಲ್ಲ ಅದನ್ನೇ ಓದಿದ್ವಲ್ಲ!” ಎಂದರು. ಯಾರೋ ನಕ್ಕರು. ಕಸ್ತೂರಿ ಮೈಕನ್ನು ಇನ್ನೂ ಹತ್ತಿರ ಹಿಡಿದಳು.

“ದೇವದುರ್ಗದ ತಂಡಕ್ಕ ಮೂರು ಸೊನ್ನಿ ಬಿದ್ದಾವು. ಅವರ ಎರಡು ಪಂದ್ಯದ ಅಂಕ ಮಾತ್ರ ಗೊತ್ತೈತಿ. ಒಂದರಾಗ ಒಂಬತ್ತು, ಇನ್ನೊಂದರಾಗ ಹನ್ನೊಂದು. ಉಳಿದ ಮೂರರಾಗ ಎಷ್ಟು ಅಂತ ನನಗ ಗೊತ್ತಿಲ್ಲ. ಹೊಸಾ ಪಟ್ಟಿ ಈಗ ಹಾಕ್ತೀನಿ. ಅದರಾಗೂ ‘ಗೊತ್ತಿಲ್ಲ’ ಅಂತ ಬಾಳ ಕಡೆ ಐತಿ. ಅಲ್ಲಿ ನನ್ನ ಪಟ್ಟಿ ನಂಬಬ್ಯಾಡ್ರಿ. ಇನ್ನೂ ಅರ್ಧ ತಾಸೈತಿ. ಅವರ ಮೇಜಿಗೆ ಹೋಗಿ, ರೋಬೋ ಓಡಿಸಿ ತೋರಿಸ್ರಿ ಅಂತ ಕೇಳ್ರಿ. ಕಣ್ಣಾರೆ ನೋಡಿ ಆರಿಸ್ರಿ. ಹುಲಿಗೆಮ್ಮ, ನೀ ಬೆಳಿಗ್ಗೆ ಬಂದು ಖರೇನ ಹೇಳಿದ್ದಿ. ನಾ ಕೇಳಲಿಲ್ಲ. ತಪ್ಪಾತು.”

ಮೈಕನ್ನು ಕೊಟ್ಟು ಕೆಳಗೆ ಇಳಿದಳು. ಚಪ್ಪಾಳೆ ಬೀಳಲಿಲ್ಲ. ಮೂರು ನಾಲ್ಕು ಜನ ಬೇಸರದ ಮುಖ ಮಾಡಿಕೊಂಡು ತಮ್ಮ ಕಾಗದಗಳನ್ನು ಮಡಿಚುತ್ತಿದ್ದರು. ಕೋಲಾರದ ನಾಯಕ ಎದುರಿಗೆ ಸಿಕ್ಕು, “ಮೊದಲೇ ನೋಡಬಾರದಿತ್ತಾ? ಇನ್ನು ನಿನ್ನ ಹೊಸ ಪಟ್ಟಿನಾದ್ರೂ ಹೆಂಗೆ ನಂಬೋದು?” ಎಂದ. “ನಂಬಬ್ಯಾಡ. ಹೋಗಿ ನೋಡು” ಎಂದಳು.

ದೇವದುರ್ಗದ ಮೇಜಿನ ಹತ್ತಿರ ಮೊದಲು ಒಬ್ಬ ನಾಯಕಿ ಹೋದಳು. ಮೊದಲ ಸ್ಥಾನದಲ್ಲಿದ್ದ ಕಾರವಾರದ ತಂಡದವಳು. ಹುಲಿಗೆಮ್ಮ ಗಡಿಬಿಡಿಯಲ್ಲಿ ಟವೆಲು ಬಿಚ್ಚಿ ರೋಬೋದ ಕೈ ಮತ್ತೆ ಜೋಡಿಸಿದಳು. ಆ ರೋಬೋ ನೋಡಲು ಏನೂ ಚೆಂದವಿರಲಿಲ್ಲ. ಹಳೇ ಜೀಪಿನ ವೈಪರ್ ಮೋಟಾರು, ಕೂಲರಿನ ತಗಡು, ಸೈಕಲ್ಲಿನ ಸರಪಳಿ. ಅಭ್ಯಾಸದ ಅಂಕಣದಲ್ಲಿ ಬಿಟ್ಟಾಗ ಅದು ಗರ್ ಎಂದು ಸದ್ದು ಮಾಡುತ್ತ ಹೋಗಿ, ಡಬ್ಬವನ್ನು ತಡವಿ, ಹಿಡಿದು, ಎತ್ತಿ, ಗೂಡಿನಲ್ಲಿ ನೆಟ್ಟಗೆ ಇಟ್ಟಿತು. ಮತ್ತೊಂದು. ಮತ್ತೊಂದು. ಒಂದು ನಿಮಿಷದಲ್ಲಿ ಆರು. ಒಂದೂ ಕೆಳಗೆ ಬೀಳಲಿಲ್ಲ. ನೋಡುತ್ತ ನಿಂತವರ ಸಂಖ್ಯೆ ಮೂರರಿಂದ ಮೂವತ್ತಾಯಿತು.

ಹತ್ತೂವರೆಗೆ ಆಯ್ಕೆ ಶುರುವಾಯಿತು. ಕಾರವಾರದ ನಾಯಕಿ ಮೈಕು ಹಿಡಿದು, ಮೊದಲ ಸುತ್ತಿನ ಮೊದಲ ಹೆಸರನ್ನೇ ಹೇಳಿದಳು: “ದೇವದುರ್ಗ.”

ಚನ್ನವೀರ ತಲೆ ತಗ್ಗಿಸಿದ.

ಬ್ಯಾಡಗಿಯವರ ಸರದಿ ಬರುವಷ್ಟರಲ್ಲಿ ಬೀದರಿನವರನ್ನೂ ಬೇರೆಯವರು ಆರಿಸಿಕೊಂಡಿದ್ದರು. ಸಿಕ್ಕಿದವರಲ್ಲಿ ಒಳ್ಳೆಯವರನ್ನು ಆರಿಸಿಕೊಂಡರು. ಮಧ್ಯಾಹ್ನದ ಮೊದಲ ಸುತ್ತಿನಲ್ಲಿ ಗೆದ್ದರು. ಉಪಾಂತ್ಯದಲ್ಲಿ ಕಾರವಾರದ ಕೂಟ ಎದುರಾಯಿತು. ಮೂರು ಪಂದ್ಯದಲ್ಲಿ ಎರಡು ಗೆದ್ದವರು ಮುಂದೆ. ಒಂದು ಇವರಿಗೆ, ಒಂದು ಅವರಿಗೆ. ಮೂರನೆಯದು ಕೊನೆಯ ಹತ್ತು ಸೆಕೆಂಡಿನವರೆಗೂ ಸಮನಾಗಿತ್ತು. ಆಮೇಲೆ ಆ ತಗಡಿನ ರೋಬೋ ಗರ್ ಎನ್ನುತ್ತ ಬಂದು ಇನ್ನೊಂದು ಡಬ್ಬ ಇಟ್ಟಿತು. ಗಂಟೆ ಹೊಡೆಯಿತು.

ಒಂದು ಡಬ್ಬದಲ್ಲಿ ಬ್ಯಾಡಗಿಯವರು ಸೋತರು.

ಕಸ್ತೂರಿ ಮೆಟ್ಟಿಲ ಮೇಲೆ ಕೂತು ಅತ್ತಳು. ಸರಿಯಾದ ಕೆಲಸ ಮಾಡಿದವರಿಗೆ ಅಳು ಬರುವುದಿಲ್ಲ ಎಂದು ಯಾರಾದರೂ ನಿಮಗೆ ಹೇಳಿದ್ದರೆ ನಂಬಬೇಡಿ. ಜುಬೇದಾ ಟೀಚರ್ ಪಕ್ಕದಲ್ಲಿ ಕೂತರು. ನೀರಿನ ಬಾಟಲಿ ಕೊಟ್ಟರು. ಅವಳು ಕುಡಿಯುವ ತನಕ ಕಾದರು.

ಅಂತಿಮ ಪಂದ್ಯದಲ್ಲಿ ಕಾರವಾರದ ಕೂಟವೂ ಗೆಲ್ಲಲಿಲ್ಲ. ಮೈಸೂರಿನವರು ಕಟ್ಟಿದ ಕೂಟ ಎರಡಕ್ಕೆ ಎರಡೂ ಪಂದ್ಯ ಗೆದ್ದು ಬಹುಮಾನ ಎತ್ತಿಕೊಂಡಿತು. ದೇವದುರ್ಗದ ಮಕ್ಕಳಿಗೆ ಎರಡನೇ ಸ್ಥಾನದ ಒಂದು ಪ್ರಮಾಣಪತ್ರ ಬಂತು.

ಎಲ್ಲ ಮುಗಿದು ಸಾಮಾನು ಹೊರಗೆ ಸಾಗಿಸುವಾಗ ಹುಲಿಗೆಮ್ಮ ಕಸ್ತೂರಿಯನ್ನು ಹುಡುಕಿಕೊಂಡು ಬಂದಳು.

“ನಿಮ್ಮನ್ನ ಸೋಲಿಸಿದ್ವಿ” ಎಂದಳು ಹುಲಿಗೆಮ್ಮ, ಸಂಕೋಚದಿಂದ.

“ಚೊಲೋ ಆಡಿದ್ರಿ.”

“ಅಕ್ಕಾ, ನಾವೂ ಕಡೀಕ ಸೋತೀವಿ. ಸೋತಿದ್ದಕ್ಕ ಬ್ಯಾಸರಿಲ್ಲ. ನಮ್ಮದು ಕೈಲಾಗಲಿಲ್ಲ, ಸೋತ್ವಿ. ಆದ್ರ ಬೆಳಿಗ್ಗೆ ಸಾಮಾನು ಕಟ್ಟಾಕತ್ತಿದ್ವಲ್ಲ, ಅವಾಗಿನ ಸಂಕಟ ಬ್ಯಾರೆ ಇತ್ತು. ನಮ್ಮನ್ನ ಯಾರೂ ಸೋಲಿಸಿರಲಿಲ್ಲ. ನೋಡಿನಽ ಇರಲಿಲ್ಲ.”

ಇಷ್ಟು ಹೇಳಿ ಅವಳು ಬಸ್ಸಿಗೆ ಓಡಿದಳು.

ಬ್ಯಾಡಗಿಯ ಮಕ್ಕಳು ಟೆಂಪೋ ಹತ್ತಿದರು. ಹರಿಹರ ದಾಟಿದ ಮೇಲೆ ಚನ್ನವೀರ ಹಿಂದಿನ ಸೀಟಿನಿಂದ ಎದ್ದು ಬಂದು ಕಸ್ತೂರಿಯ ಪಕ್ಕ ಕೂತ.

“ನಂಗ ಇನ್ನೂ ಸಿಟ್ಟೈತಿ” ಎಂದ.

“ಇರ್ಲಿ” ಎಂದಳು ಕಸ್ತೂರಿ.

“ನಾವು ಗೆಲ್ತಿದ್ವಿ.”

“ಗೆಲ್ತಿದ್ವೇನೋ.”

ಟೆಂಪೋ ಒಂದು ಉಬ್ಬು ಹಾರಿತು. ಹಿಂದೆ ರೋಬೋ ಖಣಖಣ ಎಂದಿತು. ಚನ್ನವೀರ ತಿರುಗಿ ಅದು ಬಿದ್ದಿಲ್ಲವೆಂದು ನೋಡಿಕೊಂಡ. ಆಮೇಲೆ ಅವಳ ಮುಖ ನೋಡದೆಯೇ ಹೇಳಿದ:

“ನಿನ್ನ ಜಾಗದಾಗ ನಾ ಇದ್ದಿದ್ರ ಮೈಕಿನ ಹತ್ರ ಹೋಗ್ತಿದ್ದಿಲ್ಲ. ಅದು ನಂಗ ಗೊತ್ತೈತಿ. ಸಿಟ್ಟು ನಿನ್ನ ಮ್ಯಾಲಲ್ಲ ಅನಸ್ತೈತಿ.”

ನೀತಿ: ಗೊತ್ತಿಲ್ಲ ಎಂಬುದು ಬೇರೆ, ಸೊನ್ನೆ ಎಂಬುದು ಬೇರೆ. ನಮಗೆ ತಿಳಿಯದ ಜಾಗದಲ್ಲಿ ಸೊನ್ನೆ ತುಂಬಿದರೆ ಲೆಕ್ಕ ಓಡುತ್ತದೆ, ಆದರೆ ಒಬ್ಬರ ದುಡಿಮೆ ಅಳಿದುಹೋಗುತ್ತದೆ. ಯಾರನ್ನೇ ಆಗಲಿ ಅಳೆಯುವ ಮೊದಲು ಕಣ್ಣಾರೆ ನೋಡಿ. ಅಳೆದದ್ದು ತಪ್ಪೆಂದು ತಿಳಿದ ಗಳಿಗೆಯಲ್ಲಿ, ಆ ತಪ್ಪಿನಿಂದ ನಿಮಗೆ ಲಾಭವಿದ್ದರೂ, ಎಲ್ಲರಿಗೂ ಕೇಳುವಂತೆ ಹೇಳಿಬಿಡಿ.